ಬಾಗಿಲಲ್ಲಿ ಮೂವರು ರಾಜರು

ಅಮಾಲ್ ಬುರುಡೆ ಬಿಡುವ ಹುಡುಗ. ಹೆಂಗಸಿನ ತಲೆಯಿರುವ ಚಿರತೆಯನ್ನು ಕಂಡೆ ಎಂದು ಒಂದು ದಿನ ಹೇಳುತ್ತಾನೆ, ಕಿರುಚಿಕೊಂಡು ರಕ್ತ ಸುರಿಸುವ ಮರದ ಕೊಂಬೆಯನ್ನು ಕಂಡೆ ಎಂದು ಇನ್ನೊಂದು ದಿನ. ದೋಣಿಯಷ್ಟು ದೊಡ್ಡ ಮೀನೊಂದಿತ್ತಂತೆ, ಅದಕ್ಕೆ ಬೆಕ್ಕಿನ ಮೀಸೆ, ಬಾವಲಿಯ ರೆಕ್ಕೆ, ಮೇಕೆಯ ಕೊಂಬು. ಬಡ ವಿಧವೆಯ ಒಬ್ಬನೇ ಮಗ ಅವನು, ಊರುಗೋಲಿಲ್ಲದೆ ನಡೆಯಲಾರ. ಒಂದು ಚಳಿಯ ರಾತ್ರಿ ಹೊರಗೆ ಕೂತು ಕೊಳಲೂದುತ್ತಿದ್ದವನು ಒಳಗೆ ಬಂದು, ಕಿಟಕಿಯಷ್ಟು ದೊಡ್ಡ ನಕ್ಷತ್ರ ನಮ್ಮ ಸೂರಿನ ಮೇಲೇ ನಿಂತಿದೆ, ಅದಕ್ಕೆ ಬೆಂಕಿಯ ಬಾಲವಿದೆ ಎನ್ನುತ್ತಾನೆ. ತಾಯಿ ನಿಟ್ಟುಸಿರು ಬಿಡುತ್ತಾಳೆ. ಮನೆಯಲ್ಲಿ ಸೌದೆಯಿಲ್ಲ, ಎಣ್ಣೆಯಿಲ್ಲ, ಕುರಿಗಳನ್ನೆಲ್ಲ ಮಾರಿಯಾಗಿದೆ. ನಾಳೆಯಿಂದ ಭಿಕ್ಷೆಗೆ ಹೊರಡಬೇಕು. ಇಂಥ ಹೊತ್ತಿನಲ್ಲಿ ಮಗನ ನಕ್ಷತ್ರ ಯಾರಿಗೆ ಬೇಕು?

ಇಬ್ಬರೂ ಮಲಗಿದ ಮೇಲೆ ಯಾರೋ ಬಾಗಿಲು ತಟ್ಟುತ್ತಾರೆ. ನೋಡಿ ಬಾ ಎಂದು ತಾಯಿ ಮಗನನ್ನು ಕಳಿಸುತ್ತಾಳೆ. ಅವನು ತೆರೆದು, ನೋಡಿ, ಮುಚ್ಚಿ ಬಂದು ಹೇಳುತ್ತಾನೆ: ಹೊರಗೆ ಕಿರೀಟ ಹಾಕಿಕೊಂಡ ರಾಜನಿದ್ದಾನೆ. ತಾಯಿ ಗದರುತ್ತಾಳೆ. ಮತ್ತೆ ತಟ್ಟುವ ಸದ್ದು, ಮತ್ತೆ ಹೋಗುತ್ತಾನೆ. ಒಬ್ಬನಲ್ಲ, ಇಬ್ಬರು ರಾಜರು. ಮೂರನೆಯ ಸಲ ಮೂವರು. ಅವರಲ್ಲೊಬ್ಬ ಕಪ್ಪು ಬಣ್ಣದವನು ಎಂದೂ ಸೇರಿಸುತ್ತಾನೆ. ಬೆನ್ನಿಗೆ ನಾಲ್ಕು ಬಾರಿಸುವ ಸಿಟ್ಟಿನಲ್ಲಿ ತಾಯಿಯೇ ಎದ್ದು ಬರುತ್ತಾಳೆ. ಬಾಗಿಲಲ್ಲಿ ಮೂವರು ರಾಜರು ನಿಂತಿದ್ದಾರೆ. ಸುಳ್ಳುಗಾರ ಎನಿಸಿಕೊಂಡ ಮಗು ಜೀವನದಲ್ಲಿ ಒಮ್ಮೆ ನೂರಕ್ಕೆ ನೂರು ನಿಜ ಹೇಳಿತ್ತು.

ಈ ಕತೆ ಮೊದಲು ಬಂದದ್ದು ಪುಸ್ತಕವಾಗಿ ಅಲ್ಲ, ಒಪೆರಾ ಆಗಿ. ಜಾನ್ ಕಾರ್ಲೊ ಮೆನೊಟ್ಟಿ ಎಂಬ ಇಟಲಿ ಮೂಲದ ಸಂಗೀತಗಾರ 1951ರಲ್ಲಿ ಇಂಗ್ಲಿಷ್‌ನಲ್ಲಿ ಬರೆದು ಸ್ವರ ಹಾಕಿದ 'ಅಮಾಲ್ ಆ್ಯಂಡ್ ದ ನೈಟ್ ವಿಸಿಟರ್ಸ್', ಅಂದರೆ ಅಮಾಲ್ ಮತ್ತು ಅವನ ಮನೆಗೆ ಬಂದ ಇರುಳಿನ ಅತಿಥಿಗಳು. ಪಾತ್ರಗಳು ಮಾತನಾಡುವ ಬದಲು ಹಾಡುತ್ತ ಹೋಗುವ ಈ ಪ್ರಕಾರ ಕನ್ನಡಕ್ಕೆ ತೀರ ಹೊಸದಲ್ಲ. ಪು.ತಿ.ನ. ಅವರ 'ಗೋಕುಲ ನಿರ್ಗಮನ' ನೋಡಿದವರಿಗೆ ಗೀತನಾಟಕದ ರುಚಿ ಗೊತ್ತು. ಅಮಾಲ್‌ನ ಕತೆ ಒಂದೇ ಅಂಕದ್ದು, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಟೆಲಿವಿಷನ್‌ನಲ್ಲಿ ಪ್ರಸಾರವಾದ ಮರುವರ್ಷವೇ ಅದು ಮಕ್ಕಳ ಸಚಿತ್ರ ಪುಸ್ತಕವಾಯಿತು. 1986ರಲ್ಲಿ ಬೇರೊಬ್ಬ ಕಲಾವಿದೆಯ ಕೈಯಲ್ಲಿ ಮತ್ತೊಮ್ಮೆ ಪುಸ್ತಕವಾಯಿತು. ಕಿವಿಗಾಗಿ ಹುಟ್ಟಿದ್ದು ಸದ್ದಿಲ್ಲದ ಹಾಳೆಗೆ ಬಂದಾಗ ಏನು ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೆನೊಟ್ಟಿ ಹುಟ್ಟಿದ್ದು 1911ರಲ್ಲಿ, ಇಟಲಿಯ ಉತ್ತರ ತುದಿಯ ಕಡೆಲ್ಯಾನೊ ಎಂಬ ಹಳ್ಳಿಯಲ್ಲಿ. ಲುಗಾನೊ ಸರೋವರದ ಬಳಿ, ಸ್ವಿಟ್ಜರ್ಲೆಂಡ್ ಗಡಿಗೆ ಅಂಟಿಕೊಂಡಂತಿರುವ ಜಾಗ ಅದು. ಆ ಕಾಲದಲ್ಲಿ ಅಲ್ಲಿನ ಮಕ್ಕಳಿಗೆ ಸಾಂಟಾ ಕ್ಲಾಸ್ ಗೊತ್ತಿರಲಿಲ್ಲ. ಉಡುಗೊರೆ ತರುತ್ತಿದ್ದವರು ಬೆತ್ಲೆಹೇಮಿಗೆ ಹೊರಟ ಮೂವರು ರಾಜರು. ಅವರನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂದು ಮೆನೊಟ್ಟಿಯೂ ಅವರ ತಮ್ಮನೂ ರಾತ್ರಿಯಿಡೀ ಎಚ್ಚರವಿರಲು ಹೆಣಗುತ್ತಿದ್ದರಂತೆ. ಪ್ರತಿ ವರ್ಷ ರಾಜರು ಬರುವ ಮುನ್ನವೇ ನಿದ್ದೆ ಬಂದುಬಿಡುತ್ತಿತ್ತು. ಆದರೂ ಕತ್ತಲಲ್ಲಿ ದೂರದ ಹಾಡು, ಹೆಪ್ಪುಗಟ್ಟಿದ ಹಿಮವನ್ನು ಪುಡಿ ಮಾಡುವ ಒಂಟೆಯ ಹೆಜ್ಜೆ, ಬೆಳ್ಳಿಯ ಕಡಿವಾಣದ ಕಿಣಿಕಿಣಿ ಕೇಳಿದ್ದು ತಮಗೆ ಚೆನ್ನಾಗಿ ನೆನಪಿದೆ ಎಂದು ಮೆನೊಟ್ಟಿ ಬರೆದುಕೊಂಡಿದ್ದಾರೆ. ಅಣ್ಣನಿಗೆ ಉದ್ದ ಬಿಳಿ ಗಡ್ಡದ ಮೆಲ್ಕಿಯರ್ ಮೆಚ್ಚು. ತಮ್ಮನಿಗೆ ಕ್ಯಾಸ್ಪರ್ ಮೆಚ್ಚು, ಆದರೆ ಅವನು ಸ್ವಲ್ಪ ಮರುಳ, ಕಿವಿಯೂ ಮಂದ ಎಂದು ಆ ಪುಟ್ಟ ಹುಡುಗನ ಖಚಿತ ಅಭಿಪ್ರಾಯ. ಕೇಳಿದ ಸಾಮಾನನ್ನೆಲ್ಲ ಕ್ಯಾಸ್ಪರ್ ತಂದುಕೊಡುತ್ತಿರಲಿಲ್ಲ, ಅದಕ್ಕೇ ಇರಬೇಕು. ಒಪೆರಾದಲ್ಲಿ ಕ್ಯಾಸ್ಪರ್‌ಗೆ ಕಿವಿ ಕೇಳದಿರುವುದರ ಮೂಲ ಇಲ್ಲಿದೆ.

ಊರುಗೋಲಿಗೂ ಅಂಥದೇ ಮೂಲವಿದೆ. ಚಿಕ್ಕವರಿದ್ದಾಗ ಮೆನೊಟ್ಟಿಯ ಒಂದು ಕಾಲಿಗೆ ಊನವಾಗಿತ್ತು. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಕೆ ಅವರನ್ನು ವರೇಸೆ ಪಟ್ಟಣದ ಮೇಲಿನ ಬೆಟ್ಟದಲ್ಲಿರುವ ಮರಿಯಮ್ಮನವರ ಕ್ಷೇತ್ರಕ್ಕೆ ಹರಕೆಗೆ ಕರೆದೊಯ್ದಳು, ಆಮೇಲೆ ಕಾಲು ಸರಿಹೋಯಿತು ಎಂದು ಅವರೇ ಹೇಳುತ್ತಿದ್ದರು. ಇದನ್ನು ತಿಳಿದು ಓದಿದರೆ ಕತೆಯ ಕೊನೆಯ ಪವಾಡಕ್ಕೆ ಬೇರೆಯೇ ತೂಕ ಬರುತ್ತದೆ. ಅದು ಕೇಳುಗರ ಕಣ್ಣೊದ್ದೆ ಮಾಡಲು ಕಟ್ಟಿದ ತಂತ್ರವಲ್ಲ, ಬರೆದವನ ಸ್ವಂತ ನೆನಪು.

17ನೇ ವಯಸ್ಸಿನಲ್ಲಿ ಮೆನೊಟ್ಟಿ ಅಮೆರಿಕಕ್ಕೆ ಹೋಗಿ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆ ಸೇರಿದರು. ಅಲ್ಲಿ ಸಹಪಾಠಿಯಾಗಿ ಸಿಕ್ಕ ಸ್ಯಾಮ್ಯುಯೆಲ್ ಬಾರ್ಬರ್ ಬಾಳಸಂಗಾತಿಯಾದರು. 'ದ ಕಾನ್ಸಲ್' ಒಪೆರಾಕ್ಕೆ 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ಹೊತ್ತಿಗೆ ಎನ್‌ಬಿಸಿ ಸಂಸ್ಥೆ ಟೆಲಿವಿಷನ್‌ಗೆಂದೇ ಒಂದು ಹೊಸ ಒಪೆರಾ ಬರೆದುಕೊಡಿ ಎಂದು ಕೇಳಿತು. 1951ರ ಕ್ರಿಸ್‌ಮಸ್ ಹತ್ತಿರವಾಗುತ್ತಿತ್ತು, ಮೆನೊಟ್ಟಿಗೆ ಕತೆಯೇ ಹೊಳೆದಿರಲಿಲ್ಲ. ನವೆಂಬರ್‌ನಲ್ಲಿ ಒಂದು ಮಧ್ಯಾಹ್ನ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಬೇಸರದಿಂದ ಅಡ್ಡಾಡುತ್ತಿದ್ದವರು ಹಿರೋನಿಮಸ್ ಬಾಷ್ ಚಿತ್ರಿಸಿದ ಬಾಲಯೇಸುವಿನ ದರ್ಶನದ ಮುಂದೆ ನಿಂತರು. ಅದೇನೂ ಗೋಡೆ ತುಂಬುವ ಚಿತ್ರವಲ್ಲ, ಎತ್ತರ ಒಂದು ಮೀಟರ್ ಕೂಡ ಇಲ್ಲ. ಪಾಳುಬಿದ್ದ ಕಟ್ಟಡದೊಳಗೆ ತಾಯಿ, ಮಗು, ಮೂವರು ರಾಜರು. ನೋಡುತ್ತ ನಿಂತಾಗ ಬಾಲ್ಯದ ಒಂಟೆ ಸದ್ದು ಮತ್ತೆ ಕೇಳಿಸಿತು ಎಂದು ಅವರು ಬರೆದಿದ್ದಾರೆ. ತಾವು ಮರೆತೇಬಿಟ್ಟಿದ್ದ ರಾಜರು ಈ ಸಲ ಒಂದು ಒಪೆರಾವನ್ನೇ ತಂದುಕೊಟ್ಟರು ಎಂಬುದು ಅವರ ನಂಬಿಕೆ.

ಉಳಿದಿದ್ದ ಕೆಲವೇ ವಾರಗಳಲ್ಲಿ ಕೆಲಸ ಮುಗಿಯಬೇಕಿತ್ತು. ಹಾಳೆ ಹಾಳೆಯಾಗಿ ಸ್ವರಪ್ರತಿ ಬರುತ್ತಿತ್ತು, ಗಾಯಕರು ಬಂದಷ್ಟನ್ನು ಕಲಿಯುತ್ತಿದ್ದರು. ವಾದ್ಯವೃಂದದ ಭಾಗಗಳನ್ನು ಬರೆದು ಮುಗಿಸಲು ಬಾರ್ಬರ್ ಕೈಜೋಡಿಸಿದರು. ಡಿಸೆಂಬರ್ 24ರ ರಾತ್ರಿ ರಾಕ್‌ಫೆಲ್ಲರ್ ಸೆಂಟರ್‌ನ 8ಎಚ್ ಸ್ಟುಡಿಯೊದಿಂದ ನೇರಪ್ರಸಾರ. ಅಮಾಲ್ ಆಗಿ ಹಾಡಿದವನು ಕೊಲಂಬಸ್ ಬಾಲಗಾಯಕರ ತಂಡದ 12 ವರ್ಷದ ಚೆಟ್ ಆಲೆನ್, ತಾಯಿಯಾಗಿ ರೋಸ್‌ಮೆರಿ ಕುಲ್‌ಮನ್. ವಾದ್ಯವೃಂದವನ್ನು ನಡೆಸಿದ ಥಾಮಸ್ ಶಿಪ್ಪರ್ಸ್‌ಗೆ ಆಗ ಇನ್ನೂ 21 ವರ್ಷ. ಸುಮಾರು 50 ಲಕ್ಷ ಜನ ಅಂದು ಮನೆಯಲ್ಲೇ ಕೂತು ನೋಡಿದರು ಎಂದು ಅಂದಾಜು. ಮರುದಿನದ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲೇ ಮೆಚ್ಚುಗೆಯ ವಿಮರ್ಶೆ ಬಂತು. ಒಪೆರಾ ಎಂದರೆ ದುಬಾರಿ ಟಿಕೆಟ್ಟು, ರೇಷ್ಮೆ ಉಡುಪು ಎಂದುಕೊಂಡಿದ್ದ ಮನೆಗಳಲ್ಲಿ ಮಕ್ಕಳು ನೆಲದ ಮೇಲೆ ಕೂತು ಒಪೆರಾ ನೋಡಿದ ರಾತ್ರಿ ಅದು.

ಆದರೆ ಆಗಿನ ಟೆಲಿವಿಷನ್ ಒಮ್ಮೆ ತೋರಿಸಿ ಮರೆಯಾಗುವಂಥದ್ದು. ಮತ್ತೆ ನೋಡಬೇಕೆಂದು ಮಗು ಹಟ ಹಿಡಿದರೆ ಮುಂದಿನ ಪ್ರಸಾರದವರೆಗೂ ಕಾಯಬೇಕು. ಆ ಕಾಯುವಿಕೆಗೆ ಆಸರೆಯಾಗಿ 1952ರಲ್ಲಿ ಮೊದಲ ಪುಸ್ತಕ ಬಂತು. ಕತೆಯ ರೂಪಕ್ಕೆ ತಂದವರು ವರ್ಮಾಂಟ್‌ನ ಕವಿ ಫ್ರಾನ್ಸಿಸ್ ಫ್ರಾಸ್ಟ್, ಚಿತ್ರ ಬರೆದವರು ಜಿನೀವಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರೋಜೆ ದ್ಯುವಾಜಾಂ. ಫ್ರಾಸ್ಟ್ ಮಾಡಿದ ತೀರ್ಮಾನ ಬಹಳ ಬುದ್ಧಿವಂತಿಕೆಯದು. ಪಾತ್ರಗಳ ಮಾತನ್ನು ಅವರು ಮುಟ್ಟಲಿಲ್ಲ. ಮೆನೊಟ್ಟಿ ಹಾಡಿಗೆಂದು ಬರೆದ ಸಾಲುಗಳೇ ಪುಸ್ತಕದಲ್ಲಿ ಸಂಭಾಷಣೆಯಾಗಿ ನಿಂತವು. ರಂಗದ ಮೇಲೆ ಕಣ್ಣಿಗೆ ಕಾಣುವುದನ್ನು, ವಾದ್ಯಗಳು ನುಡಿಸಿ ಹೇಳುವುದನ್ನು ಮಾತ್ರ ಅವರು ಗದ್ಯದಲ್ಲಿ ತುಂಬಿದರು. ಇದರಿಂದ ಪುಸ್ತಕ ಓದಿದ ಮಗು ಆಮೇಲೆ ಹಾಡು ಕೇಳಿದಾಗ ಪ್ರತಿ ಮಾತನ್ನೂ ಗುರುತಿಸಬಲ್ಲದು.

ದ್ಯುವಾಜಾಂ ಅವರ ಆಯ್ಕೆಯೂ ಸುಮ್ಮನೆ ಆದದ್ದಲ್ಲ. ಯುರೋಪಿನಲ್ಲಿದ್ದಾಗ ಅವರು ರಂಗಸಜ್ಜಿಕೆಯ ಪರದೆಗಳನ್ನು ಬರೆದವರು, ಬಟ್ಟೆಯ ವಿನ್ಯಾಸ ಮಾಡಿದವರು. ಹಿಮ ಬೀಳುವ ಊರೊಂದರ ಕತೆಗೆ ಬರೆದ ಚಿತ್ರಗಳಿಗಾಗಿ 1948ರಲ್ಲಿ ಅಮೆರಿಕದ ಮಕ್ಕಳ ಚಿತ್ರಪುಸ್ತಕಗಳ ಅತಿ ದೊಡ್ಡ ಗೌರವವಾದ ಕ್ಯಾಲ್ಡೆಕಾಟ್ ಪದಕ ಪಡೆದವರು. ಬಣ್ಣವನ್ನು ತೆಳುವಾಗಿ ಉಜ್ಜಿ ನೆರಳು ಬೆಳಕು ತೋರಿಸುವುದಕ್ಕಿಂತ ಸಪಾಟಾಗಿ ಹರಡಿ, ಗಟ್ಟಿ ಆಕಾರಗಳಲ್ಲಿ ಮಾತಾಡುವುದು ಅವರ ಕ್ರಮ. ರಾತ್ರಿ, ನಕ್ಷತ್ರ, ಕಿರೀಟ, ಗುಡಿಸಲು ಎಂಬಂಥ ದೊಡ್ಡ ಸರಳ ವಸ್ತುಗಳ ಕತೆಗೆ ಈ ಕೈ ಚೆನ್ನಾಗಿ ಒಗ್ಗಿತು.

ಪುಸ್ತಕವಾಗುವಾಗ ಕಳೆದುಹೋಗುವುದು ಏನೆಂದು ಮೊದಲೇ ಒಪ್ಪಿಕೊಳ್ಳಬೇಕು. ಒಪೆರಾದಲ್ಲಿ ಅಮಾಲ್‌ನ ಕೊಳಲನ್ನು ನುಡಿಸುವುದು ಓಬೊ ಎಂಬ ವಾದ್ಯ. ನಮ್ಮ ಶಹನಾಯಿಯ ದೂರದ ನೆಂಟ ಎನ್ನಬಹುದಾದ, ಆದರೆ ಹೆಚ್ಚು ಮೆತ್ತಗಿನ ದನಿ. ಕತೆ ಶುರುವಾಗುವುದೂ ಮುಗಿಯುವುದೂ ಆ ರಾಗದಲ್ಲೇ. ದೂರದಿಂದ ರಾಜರ ಹಾಡು ಬರುವಾಗ ಮೊದಲು ಲಯವಷ್ಟೇ ಕೇಳಿಸುತ್ತದೆ, ಆಮೇಲೆ ದನಿ, ಆಮೇಲೆ ಮಾತು. ಅಕ್ಷರದಲ್ಲಿ ಇದನ್ನು ತರಲಾಗದು. ಬದಲಿಗೆ ಪುಸ್ತಕಕ್ಕೆ ಬೇರೊಂದು ಶಕ್ತಿಯಿದೆ: ಹಾಳೆ ಮಗುಚುವುದು. ಬಾಗಿಲು ತಟ್ಟುವ ಪ್ರಸಂಗವನ್ನು ಗಟ್ಟಿಯಾಗಿ ಓದಿ ಹೇಳುವಾಗ, ಹಾಳೆಯ ಅಂಚು ಹಿಡಿದು ಒಂದು ಗಳಿಗೆ ತಡೆದರೆ ಸಾಕು, ಕೇಳುವ ಮಗುವೇ ಅಮಾಲ್ ಆಗಿಬಿಡುತ್ತದೆ. ರಂಗದ ಮೇಲೆ ಬಾಗಿಲು ತೆರೆಯುವವನು ಅವನೊಬ್ಬನೇ. ಇಲ್ಲಿ ಮಗುವಿನ ಬೆರಳೂ ಅದನ್ನು ತೆರೆಯುತ್ತದೆ.

ರಾಜರು ಒಳಗೆ ಬಂದು ಕೂತ ಮೇಲೆ ತಾಯಿ ಸೌದೆ ಆಯಲು ಹೋಗುತ್ತಾಳೆ. ಅತಿಥಿಗಳನ್ನು ಪೀಡಿಸಬೇಡ ಎಂದು ಮಗನಿಗೆ ಹೇಳಿಯೇ ಹೋಗುತ್ತಾಳೆ. ಅವಳು ಹೊಸ್ತಿಲು ದಾಟಿದ್ದೇ ತಡ, ಪ್ರಶ್ನೆ ಶುರು. ಕಪ್ಪು ರಾಜ ಬಾಲ್ತಸಾರ್ ಹತ್ತಿರ ಹೋಗಿ, ನೀನು ನಿಜವಾಗಿ ರಾಜನೇ, ನಿನ್ನ ಮೈಯಲ್ಲಿ ರಾಜರಕ್ತ ಇದೆಯೇ, ತೋರಿಸುತ್ತೀಯಾ ಎನ್ನುತ್ತಾನೆ. ನಿನ್ನ ರಕ್ತದ ಹಾಗೇ ಇದೆ ಎಂಬುದು ಬಾಲ್ತಸಾರ್‌ನ ಉತ್ತರ. ಹಾಗಾದರೆ ರಾಜನಾಗಿ ಏನು ಉಪಯೋಗ ಎಂದು ಹುಡುಗ ಮರುಪ್ರಶ್ನೆ ಹಾಕುತ್ತಾನೆ. ಏನೂ ಇಲ್ಲ ಎನ್ನುತ್ತಾನೆ ರಾಜ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಬೇರೆ ಬೇರೆ ಶಾಲೆಗೆ ಹೋಗುತ್ತಿದ್ದ 1951ರಲ್ಲಿ ಈ ಮಾತು ಕ್ರಿಸ್‌ಮಸ್ ಹಿಂದಿನ ರಾತ್ರಿ ಮನೆ ಮನೆಯಲ್ಲಿ ಕೇಳಿಸಿತು.

ಆಮೇಲೆ ರಾಜ ತಿರುಗಿ ಕೇಳುತ್ತಾನೆ, ನೀನೇನು ಕೆಲಸ ಮಾಡುತ್ತೀಯ ಎಂದು. ಅಮಾಲ್ ಹೇಳುವುದನ್ನು ಗಮನವಿಟ್ಟು ಕೇಳಬೇಕು. ಕುರಿ ಕಾಯುತ್ತಿದ್ದೆ, ಅಮ್ಮ ಮಾರಿಬಿಟ್ಟಳು. ಬಿಸಿ ಹಾಲು ಕೊಡುವ ಕರಿ ಮೇಕೆ ಇತ್ತು, ಮುದಿಯಾಗಿ ಸತ್ತುಹೋಯಿತು. ಇನ್ನು ಮೇಲೆ ನಾನೂ ಅಮ್ಮನೂ ಮನೆ ಮನೆಗೆ ಭಿಕ್ಷೆಗೆ ಹೋಗುತ್ತೇವಂತೆ, ಎಷ್ಟು ಮಜವಾಗಿರುತ್ತೆ ಅಲ್ಲವಾ! ಮಗುವಿಗೆ ಅದು ಆಟ. ಓದಿ ಹೇಳುವ ದೊಡ್ಡವರ ಗಂಟಲು ಕಟ್ಟುವುದು ಇಲ್ಲಿ. ಬಡತನವನ್ನು ಕುರಿತು ಒಂದು ಮಾತೂ ಆಡದೆ ಬಡತನವನ್ನು ಪೂರ್ತಿ ತೋರಿಸುವ ಇಂಥ ಭಾಗಗಳು ಮಕ್ಕಳ ಸಾಹಿತ್ಯದಲ್ಲಿ ಹೆಚ್ಚಿಲ್ಲ.

ಕ್ಯಾಸ್ಪರ್‌ನ ಹತ್ತಿರ ಒಂದು ಗಿಣಿ ಇದೆ, ಒಂದು ಪೆಟ್ಟಿಗೆ ಇದೆ. ಗಿಣಿ ಕಚ್ಚುತ್ತದೆಯೇ ಎಂದು ಅಮಾಲ್ ಕೇಳಿದರೆ ಕ್ಯಾಸ್ಪರ್ 'ಆಂ?' ಎನ್ನುತ್ತಾನೆ, ಹುಡುಗ ಕಿರುಚಿ ಕೇಳಬೇಕು. ಪೆಟ್ಟಿಗೆಗೆ ಮೂರು ಡ್ರಾಯರ್‌ಗಳು. ಮೊದಲನೆಯದರಲ್ಲಿ ಕಣ್ಣಿನ ನೋವು, ಗಾಯ, ಜ್ವರ, ಸಿಡಿಲು ಎಲ್ಲಕ್ಕೂ ಒಂದೊಂದು ಮಾಯಾ ಕಲ್ಲು. ಎರಡನೆಯದರಲ್ಲಿ ಬಣ್ಣಬಣ್ಣದ ಮಣಿ, ಅವುಗಳ ಜೊತೆ ಆಡುವುದೆಂದರೆ ಕ್ಯಾಸ್ಪರ್‌ಗೆ ಪ್ರಾಣ. ಮೂರನೆಯದನ್ನು ತೆರೆಯುವ ಮುಂಚೆ ಅವನು ಬಹಳ ಹೊತ್ತು ಕುತೂಹಲ ಕೆರಳಿಸುತ್ತಾನೆ. ಒಳಗಿರುವುದು ಲಿಕರಿಸ್ ಮಿಠಾಯಿ! ಕೆಮ್ಮಿಗೆ ನಾವು ಬಾಯಿಗೆ ಹಾಕಿಕೊಳ್ಳುವ ಜ್ಯೇಷ್ಠಮಧುವಿನ ಬೇರಿನ ರಸದಿಂದ ಮಾಡುವ ಕಪ್ಪು ಸಿಹಿ. ರತ್ನಗಳಿಗಿಂತ ಮೇಲಿನ ಸ್ಥಾನ ಮಿಠಾಯಿಗೆ. ಮಗುವಿನ ಮನಸ್ಸಿನ ಲೆಕ್ಕಾಚಾರ ಮೆನೊಟ್ಟಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂಬುದು ಈ ಒಂದು ಪೆಟ್ಟಿಗೆಯಿಂದ ತಿಳಿಯುತ್ತದೆ. ಚಿತ್ರಕಾರರಿಗಂತೂ ಇದು ಹಬ್ಬ.

ಇನ್ನೊಂದು ಹಬ್ಬ ನೆರೆಯ ಕುರುಬರು ಬರುವ ದೃಶ್ಯ. ಮನೆಯಲ್ಲಿ ರಾಜರಿಗೆ ಬಡಿಸಲು ಏನೂ ಇಲ್ಲದ್ದರಿಂದ ತಾಯಿ ಊರವರಿಗೆ ಹೇಳಿಕಳಿಸುತ್ತಾಳೆ. ಅವರು ಆಲಿವ್, ಸೇಬು, ಒಣದ್ರಾಕ್ಷಿ, ಜಾಯಿಕಾಯಿ, ಅಂಜೂರ, ದಾಳಿಂಬೆ, ಗಿಣ್ಣು, ಜೇನು, ಸೌತೆಕಾಯಿ ಹೊತ್ತು ತಂದು, ರಾಜರನ್ನು ಕಂಡು ನಾಚಿ ಮೂಲೆಯಲ್ಲಿ ನಿಲ್ಲುತ್ತಾರೆ. ಕುಣಿದು ಹೋಗುತ್ತಾರೆ. ತಮಗೇ ಇಲ್ಲದವರು ಕೊಡುವುದು, ಎಲ್ಲವೂ ಇರುವ ರಾಜರು ಅದನ್ನು ತಿನ್ನುವುದು. ಇಷ್ಟಾದ ಮೇಲೆ ದೀಪ ಆರಿಸಿ ಎಲ್ಲರೂ ಮಲಗುತ್ತಾರೆ.

ಕತೆಯ ಜೀವ ಇರುವುದು ಇದರ ಮುಂದಿನ ಗಳಿಗೆಯಲ್ಲಿ. ತಾಯಿಗೆ ನಿದ್ದೆ ಬರುವುದಿಲ್ಲ. ಯಾವುದೋ ಮಗುವಿಗೆಂದು ರಾಜರು ತಂದ ಚಿನ್ನ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಚಿನ್ನವಿರುವವರಿಗೆ ಅದರಿಂದ ಏನು ಮಾಡಬಹುದೆಂದು ಗೊತ್ತೇ ಎಂದು ಅವಳು ಹಾಡಿಕೊಳ್ಳುತ್ತಾಳೆ. ಇಡೀ ದಿನ ಒಲೆ ಉರಿಸಿ ಮನೆ ಬೆಚ್ಚಗಿಡಬಹುದು, ಕೆಂಡದ ಮೇಲೆ ಜೋಳದ ತೆನೆ ಸುಡಬಹುದು, ಹುಲ್ಲು ಮೇಯ್ದ ಮೇಕೆಯ ಹಾಲು ಕರೆಯಬಹುದು. ಅವಳಿಗೆ ಬೇಕಾದದ್ದು ಇಷ್ಟೇ. ಅರಮನೆಯಲ್ಲ, ಒಡವೆಯಲ್ಲ. ಮಗನಿಗಾಗಿ ಎಂದುಕೊಂಡು ಕೈ ಚಾಚುತ್ತಾಳೆ, ಕಾವಲಿಗೆ ಮಲಗಿದ್ದ ರಾಜರ ಸೇವಕ ಹಿಡಿಯುತ್ತಾನೆ. ಗಲಾಟೆಗೆ ಎದ್ದ ಅಮಾಲ್ ಸೇವಕನ ಮೇಲೆ ಬಿದ್ದು ಬಡಿಯುತ್ತಾನೆ. ನಮ್ಮಮ್ಮ ಒಳ್ಳೆಯವಳು, ಅವಳು ತಪ್ಪು ಮಾಡುವವಳೇ ಅಲ್ಲ, ಸುಳ್ಳು ಹೇಳುವವನೂ ಕದಿಯುವವನೂ ನಾನೇ ಎಂದು ರಾಜನ ಮುಂದೆ ಅಳುತ್ತಾನೆ.

ಇಷ್ಟು ಹೊತ್ತು ತಮಾಷೆಯಾಗಿದ್ದ ಅವನ ಸುಳ್ಳಿನ ಚಟಕ್ಕೆ ಇಲ್ಲಿ ಬರುವ ತಿರುವನ್ನು ನೋಡಬೇಕು. ಹುಡುಗ ಹೇಳುವ ಅತಿ ದೊಡ್ಡ ಸುಳ್ಳು ತಾಯಿಯನ್ನು ಉಳಿಸಲು.

ಮಕ್ಕಳ ಪುಸ್ತಕದಲ್ಲಿ ಕಳ್ಳಿಯಾದ ತಾಯಿಯನ್ನು ಇಟ್ಟುಕೊಳ್ಳಲು ಧೈರ್ಯ ಬೇಕು. ಬೇರೆ ಕತೆಗಳಿಗೆ ಏನಾಯಿತೆಂದು ನೋಡಿದರೆ ಇದು ಅರ್ಥವಾಗುತ್ತದೆ. ಕ್ರಿಸ್‌ಮಸ್ ಕಾಲದಲ್ಲಿ ಯುರೋಪಿನ ರಂಗಮಂದಿರಗಳಲ್ಲಿ ತಪ್ಪದೆ ಬರುವ ಇನ್ನೊಂದು ಒಪೆರಾ ಹಂಪರ್‌ಡಿಂಕ್‌ರ 'ಹ್ಯಾನ್ಸೆಲ್ ಮತ್ತು ಗ್ರೆಟೆಲ್'. 1893ರ ಡಿಸೆಂಬರ್ 23ರಂದು ಜರ್ಮನಿಯ ವೈಮಾರ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅದನ್ನು ಮೊದಲು ನಡೆಸಿಕೊಟ್ಟರು. ಅದು ಸಾಗಿದ ದಾರಿ ತಿರುವುಮುರುವು, ಪುಸ್ತಕದಿಂದ ಹಾಡಿಗೆ. ಗ್ರಿಮ್ ಸಹೋದರರ 1812ರ ಮೊದಲ ಮುದ್ರಣದಲ್ಲಿ, ಹೊಟ್ಟೆಗಿಲ್ಲದೆ ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರೋಣ ಎನ್ನುವವಳು ಹೆತ್ತ ತಾಯಿಯೇ. 1840ರ ಮುದ್ರಣದಲ್ಲಿ ಗ್ರಿಮ್‌ರೇ ಅವಳನ್ನು ಮಲತಾಯಿ ಮಾಡಿದರು. ಒಪೆರಾಕ್ಕೆ ಸಾಹಿತ್ಯ ಬರೆದ ಹಂಪರ್‌ಡಿಂಕ್‌ರ ತಂಗಿ ಅಡೆಲ್‌ಹೈಡ್ ವೆಟ್ಟೆ, ತಮ್ಮ ಮನೆಯ ಮಕ್ಕಳು ಆಡಲೆಂದು ಶುರು ಮಾಡಿದ್ದರಿಂದ, ಇನ್ನಷ್ಟು ಮೆದು ಮಾಡಿದರು. ಅಲ್ಲಿ ಹಾಲಿನ ಮಡಕೆ ಒಡೆದ ಸಿಟ್ಟಿಗೆ ತಾಯಿ ಮಕ್ಕಳನ್ನು ಸ್ಟ್ರಾಬೆರಿ ಆಯಲು ಕಳಿಸುತ್ತಾಳೆ, ಅಷ್ಟೇ. ಹಸಿವಿನ ಅಪರಾಧ ಒಂದೊಂದೇ ಹೆಜ್ಜೆ ಹಿಂದೆ ಸರಿದು ಕೊನೆಗೆ ಒಡೆದ ಮಡಕೆಯಾಯಿತು.

ಮೆನೊಟ್ಟಿ ಆ ದಾರಿ ಹಿಡಿಯಲಿಲ್ಲ. ಅಮಾಲ್‌ನ ತಾಯಿ ಹೆತ್ತ ತಾಯಿ, ಒಳ್ಳೆಯವಳು, ಕದ್ದವಳು. ಮೂರೂ ನಿಜ. ಈ ಕತೆಯ ಯಾವುದೇ ಮರುಕಥನದ ಬೆಲೆಯನ್ನು ಈ ಒಂದು ಪುಟದಿಂದಲೇ ಅಳೆಯಬಹುದು. ತಾಯಿಯ ಕಳ್ಳತನವನ್ನು ಅರ್ಧ ವಾಕ್ಯದಲ್ಲಿ ದಾಟಿಸಿದರೆ, ಅಥವಾ ಅವಳು ಚಿನ್ನವನ್ನು ಸುಮ್ಮನೆ ನೋಡುತ್ತಿದ್ದಳು ಎಂದು ಬದಲಿಸಿದರೆ, ಉಳಿಯುವುದು ಒಂಟೆ ಮತ್ತು ಕಿರೀಟದ ಬೊಂಬೆಯಾಟ. ಮಕ್ಕಳಿಗೆ ಹಸಿವು ಅರ್ಥವಾಗುತ್ತದೆ. ಅಮ್ಮ ತಪ್ಪು ಮಾಡಿದಾಗ ಆಗುವ ಭಯವೂ ಅವರಿಗೆ ಅರ್ಥವಾಗುತ್ತದೆ, ಬಹುಶಃ ನಮಗಿಂತ ಚೆನ್ನಾಗಿ.

ಮುಂದಿನದು ಬಹಳ ಜನಕ್ಕೆ ಗೊತ್ತಿರುವ ಭಾಗ. ಚಿನ್ನವನ್ನು ನೀನೇ ಇಟ್ಟುಕೊ, ನಾವು ಹುಡುಕುತ್ತಿರುವ ಮಗುವಿಗೆ ಚಿನ್ನ ಬೇಕಿಲ್ಲ ಎನ್ನುತ್ತಾನೆ ಮೆಲ್ಕಿಯರ್. ಅಂಥ ಮಗುವಿಗಾಗಿ ನಾನು ಜೀವನವಿಡೀ ಕಾದೆ ಎಂದು ತಾಯಿ ಚಿನ್ನವನ್ನು ಮರಳಿಸುತ್ತಾಳೆ, ಕೊಡಲು ತನ್ನ ಬಳಿ ಏನೂ ಇಲ್ಲವಲ್ಲ ಎಂದು ಮರುಗುತ್ತಾಳೆ. ಅಮಾಲ್ ಊರುಗೋಲನ್ನು ಮುಂದೆ ಚಾಚುತ್ತಾನೆ. ಆ ಮಗುವಿಗೂ ಒಂದು ಬೇಕಾಗಬಹುದು, ಇದನ್ನು ನಾನೇ ಮಾಡಿಕೊಂಡದ್ದು ಎನ್ನುತ್ತಾನೆ. ಆಗ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಊರುಗೋಲಿಲ್ಲದೆ.

ಅಂಗವಿಕಲ ಮಗುವಿನ ಕತೆಗೆ ವಾಸಿಯಾಗುವುದೇ ಸುಖಾಂತ್ಯ ಆಗಬೇಕೇ ಎಂಬ ಪ್ರಶ್ನೆ ಇಂದಿನ ಓದುಗರಿಗೆ ಏಳುವುದು ಸಹಜ, ಏಳಬೇಕು ಕೂಡ. ಒಳ್ಳೆಯತನಕ್ಕೆ ಬಹುಮಾನವಾಗಿ ಕಾಲು ಸರಿಹೋಯಿತು ಎಂದು ಓದಿಸಿದರೆ, ವಾಸಿಯಾಗದ ಮಕ್ಕಳಿಗೆ ಅದು ಅನ್ಯಾಯ. ಆದರೆ ಕತೆಯ ಒಳಗೆ ನೋಡಿದರೆ ಅಮಾಲ್ ಕರುಣೆಯ ಬೊಂಬೆಯಾಗಿ ಒಂದು ಕ್ಷಣವೂ ಕಾಣುವುದಿಲ್ಲ. ಜಗಳ ಆಡುತ್ತಾನೆ, ಪ್ರಶ್ನೆ ಕೇಳುತ್ತಾನೆ, ಬಡಿಯುತ್ತಾನೆ, ಕೊಳಲೂದುತ್ತಾನೆ. ಊರುಗೋಲು ಅವನಿಗೆ ಆಸರೆಯೂ ಹೌದು, ಸ್ವಂತ ಕೈಯ ಕುಶಲವೂ ಹೌದು. ಓದಿ ಹೇಳುವವರು ಈ ಭಾಗಕ್ಕೆ ಒತ್ತು ಕೊಡುವುದು ಒಳ್ಳೆಯದು.

1986ರ ಪುಸ್ತಕಕ್ಕೆ ಚಿತ್ರ ಬರೆದವರು ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದ ಮಿಶೆಲ್ ಲೆಮ್ಯೂ. ಇದರಲ್ಲಿ ಕತೆ ಮೆನೊಟ್ಟಿಯ ಹೆಸರಿನಲ್ಲೇ ಬಂತು. ನ್ಯೂಯಾರ್ಕಿನ ವಿಲಿಯಂ ಮಾರೋ ಸಂಸ್ಥೆ ಪ್ರಕಟಿಸಿತು. ಮುಂದೆ ಇದೇ ಲೆಮ್ಯೂ, ನಿದ್ದೆ ಬಾರದ ಮಗುವೊಂದು ಗುಡುಗಿನ ರಾತ್ರಿ ಕೇಳಿಕೊಳ್ಳುವ ಪ್ರಶ್ನೆಗಳನ್ನು ರೇಖೆಗಳಲ್ಲಿ ಹಿಡಿದು 'ಸ್ಟಾರ್ಮಿ ನೈಟ್' ಎಂಬ ಪುಸ್ತಕ ಮಾಡಿದರು. ಅದಕ್ಕೆ ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕಮೇಳದ ಪ್ರಶಸ್ತಿ ಸಿಕ್ಕಿತು. ರಾತ್ರಿ ಎಚ್ಚರವಿರುವ ಮಗು ಅವರಿಗೆ ಮೆಚ್ಚಿನ ವಿಷಯ ಎಂದು ತೋರುತ್ತದೆ. ಅಮಾಲ್ ಕೂಡ ಅಂಥವನೇ.

ರಂಗದ ಕತೆಗಳು ಚಿತ್ರಪುಸ್ತಕಕ್ಕೆ ಬರುವ ಹಾದಿಯಲ್ಲಿ ಅಮಾಲ್ ಒಂಟಿಯಲ್ಲ. ಪ್ರಸಿದ್ಧ ಗಾಯಕಿ ಲಿಯೊಂಟೀನ್ ಪ್ರೈಸ್ ತಾವು ರಂಗದ ಮೇಲೆ ಬಾಳಿದ 'ಐಡಾ'ದ ಕತೆಯನ್ನು 1990ರಲ್ಲಿ ಮಕ್ಕಳಿಗಾಗಿ ಬರೆದರು, ಲಿಯೊ ಮತ್ತು ಡಯಾನ್ ಡಿಲನ್ ದಂಪತಿ ಚಿತ್ರ ಬರೆದರು. ಮಾರಿಸ್ ಸೆಂಡಾಕ್ 'ಬ್ರುಂಡಿಬಾರ್' ಎಂಬ ಮಕ್ಕಳ ಒಪೆರಾವನ್ನು 2003ರಲ್ಲಿ ಪುಸ್ತಕ ಮಾಡಿದರು. ಅದು ನಾಜಿಗಳ ಟೆರೆಜಿನ್ ಶಿಬಿರದಲ್ಲಿ ಬಂದಿಗಳಾಗಿದ್ದ ಯಹೂದಿ ಮಕ್ಕಳು 55 ಸಲ ಆಡಿದ್ದ ಒಪೆರಾ. ಆದರೆ ಇವೆರಡೂ ರಂಗದ ಮೇಲೆ ಬೆಳೆದ ಕೃತಿಗಳು. ಹುಟ್ಟಿದಾಗಲೇ ಮನೆಯೊಳಗೆ ಹುಟ್ಟಿದ್ದು ಅಮಾಲ್.

ಇನ್ನು ಆ ಮೂವರು ರಾಜರ ವಿಷಯ. ಮತ್ತಾಯನ ಸುವಾರ್ತೆಯಲ್ಲಿ ಅವರು ರಾಜರೂ ಅಲ್ಲ, ಮೂವರೆಂಬ ಲೆಕ್ಕವೂ ಇಲ್ಲ, ಹೆಸರೂ ಇಲ್ಲ. ಕನ್ನಡ ಬೈಬಲ್ ಅವರನ್ನು ಜೋಯಿಸರು ಎನ್ನುತ್ತದೆ. ಚಿನ್ನ, ಧೂಪ, ರಕ್ತಬೋಳ ಎಂದು ಉಡುಗೊರೆ ಮೂರು ಇರುವುದರಿಂದ ತಂದವರೂ ಮೂವರಾದರು. ಹೆಸರುಗಳು ನಂತರದ ಶತಮಾನಗಳವು. ಇಟಲಿಯ ರವೆನ್ನಾದ 6ನೇ ಶತಮಾನದ ಮೊಸಾಯಿಕ್ ಚಿತ್ರದಲ್ಲಿ ಆ ಹೆಸರುಗಳನ್ನು ಕಾಣಬಹುದು. ಅವರದೆಂದು ನಂಬಲಾದ ಅಸ್ಥಿಗಳು ಮಿಲಾನ್ ನಗರದಲ್ಲಿದ್ದವು, 1164ರಲ್ಲಿ ಜರ್ಮನಿಯ ಕಲೋನ್‌ಗೆ ಹೋದವು. ಅಂದರೆ ಮೆನೊಟ್ಟಿ ಹುಟ್ಟಿದ ಸೀಮೆಗೆ ಈ ರಾಜರು ಬಹಳ ಹಳೆಯ ನೆಂಟರು. ಕ್ಯಾಸ್ಪರ್ ಭಾರತದವನು ಎಂಬ ಹೇಳಿಕೆಯೂ ಪಾಶ್ಚಾತ್ಯ ಪರಂಪರೆಯಲ್ಲಿದೆ. ಕರ್ನಾಟಕದ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್‌ನಲ್ಲಿ ಕಟ್ಟುವ ಗೋದಲಿಯಲ್ಲೂ ಒಂಟೆಗಳ ಜೊತೆ ಇವರು ನಿಂತಿರುತ್ತಾರೆ. ಕರಾವಳಿಯ ಕೊಂಕಣಿ ಕೆಥೋಲಿಕರಿಗೆ ಜನವರಿ 6ರ ಸುಮಾರಿಗೆ ಬರುವುದು ಮೂರು ರಾಯರ ಹಬ್ಬ. ಈ ಮನೆಗಳ ಮಕ್ಕಳಿಗೆ ಅಮಾಲ್‌ನ ಬಾಗಿಲು ತಟ್ಟಿದವರ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ.

ತನ್ನ ಕೃತಿಯ ಬಗ್ಗೆ ಮೆನೊಟ್ಟಿ ಕಟ್ಟುನಿಟ್ಟಿನ ಮನುಷ್ಯ. ಅಮಾಲ್‌ನ ಪಾತ್ರವನ್ನು ಹುಡುಗನೇ ಹಾಡಬೇಕು, ಹುಡುಗನ ವೇಷದ ಹೆಂಗಸು ಕೂಡದು ಎಂದು ಸ್ವರಪ್ರತಿಯಲ್ಲೇ ಷರತ್ತು ಹಾಕಿದರು. ತಾವು ಇಲ್ಲದಿರುವಾಗ 1963ರಲ್ಲಿ ಎನ್‌ಬಿಸಿ ಹೊಸದಾಗಿ ಚಿತ್ರೀಕರಿಸಿದ್ದು ಅವರಿಗೆ ಹಿಡಿಸಲಿಲ್ಲ. 1966ರಲ್ಲಿ ಹಕ್ಕು ಕೈಗೆ ಮರಳಿದ ಮೇಲೆ ಅದರ ಪ್ರಸಾರಕ್ಕೆ ಒಪ್ಪಲೇ ಇಲ್ಲ. 2007ರಲ್ಲಿ 95ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಟೆಲಿವಿಷನ್‌ನಿಂದ ಕತೆ ಮರೆಯಾದ ವರ್ಷಗಳಲ್ಲಿ ಅದನ್ನು ಮಕ್ಕಳ ಕೈಗೆ ತಲುಪಿಸಿದ್ದು ಶಾಲೆ, ಚರ್ಚುಗಳ ಸಣ್ಣ ಪ್ರದರ್ಶನಗಳು, ಧ್ವನಿಮುದ್ರಿಕೆ ಮತ್ತು ಈ ಪುಸ್ತಕಗಳು.

ಮನೆಯಲ್ಲಿ ಮಕ್ಕಳಿರುವವರು ಮೊದಲು ಕತೆ ಓದಿ ಹೇಳಿ, ಆಮೇಲೆ 1951ರ ಮೊದಲ ತಂಡದ ಧ್ವನಿಮುದ್ರಿಕೆ ಕೇಳಿಸಿದರೆ ಚೆನ್ನ. ಆರ್‌ಸಿಎ ವಿಕ್ಟರ್ ಹೊರತಂದ ಆ ಮುದ್ರಿಕೆಯಲ್ಲಿ ಹಾಡಿರುವುದು ಚೆಟ್ ಆಲೆನ್ ಮತ್ತು ಕುಲ್‌ಮನ್ ಅವರೇ. ಭಾಷೆ ಇಂಗ್ಲಿಷ್ ಆದರೂ ಕತೆ ಗೊತ್ತಿರುವ ಮಗುವಿಗೆ ಬಾಗಿಲು ತಟ್ಟುವ ಸದ್ದು ಎಲ್ಲಿ ಬರುತ್ತದೆ, ಕ್ಯಾಸ್ಪರ್ ಯಾವ ಡ್ರಾಯರ್ ತೆರೆಯುತ್ತಿದ್ದಾನೆ ಎಂದು ತಿಳಿಯಲು ಮಾತೇ ಬೇಕಾಗುವುದಿಲ್ಲ.